ಮೂರು ವರ್ಷದ ಸರ್ಕಾರಿ ಅನುದಾನ: ಸ್ವಂತ ಸ್ಪಟರಿಂಗ್ ಯಂತ್ರವೋ, ಹಂಚಿಕೆಯ ಪ್ರಯೋಗಾಲಯವೋ? ಅನುಭವ ಹೇಳಿ

ಮೊದಲ ಯೋಜನೆ:
ಪಾರದರ್ಶಕ ವಾಹಕ ತೆಳುಪದರಗಳ ಕುರಿತ ನನ್ನ ಯೋಜನೆಗೆ ಸರ್ಕಾರದ ಅನುದಾನ ಮಂಜೂರಾಗಿದೆ. ಅವಧಿ ಮೂರು ವರ್ಷ. ಸಲಕರಣೆಯ ಬಾಬ್ತಿನಲ್ಲಿರುವ ಹಣಕ್ಕೆ ಚಿಕ್ಕದೊಂದು ಸ್ಪಟರಿಂಗ್ ಯಂತ್ರ (ನಿರ್ವಾತದ ಚೇಂಬರಿನಲ್ಲಿ ‘ಟಾರ್ಗೆಟ್’ ಎಂಬ ವಸ್ತುವಿನ ತಟ್ಟೆಯನ್ನು ಆರ್ಗಾನ್ ಅಯಾನುಗಳಿಂದ ಬಡಿದು, ಹೊರಟ ಪರಮಾಣುಗಳನ್ನು ಗಾಜಿನ ಮೇಲೆ ಪದರವಾಗಿ ಕೂರಿಸುವಂಥದ್ದು) ಬರುತ್ತದೆ, ಬೇರೇನೂ ಬರುವುದಿಲ್ಲ. ಇಲ್ಲವಾದರೆ ಆ ಹಣವನ್ನು ಬಳಕೆ ಶುಲ್ಕ ಮತ್ತು ಪ್ರಯಾಣದ ಬಾಬ್ತಿಗೆ ವರ್ಗಾಯಿಸಲು ಅನುಮತಿ ಕೇಳಿ, ಎಲ್ಲರಿಗೂ ತೆರೆದಿರುವ ಸರ್ಕಾರಿ ಪ್ರಯೋಗಾಲಯದಲ್ಲಿ ಪದರಗಳನ್ನು ಮಾಡಿಕೊಂಡು ಬರಬಹುದು. ಬೇಕಿರುವುದು ಗಾಜಿನ ಮೇಲೆ ಐಟಿಒ (ಇಂಡಿಯಂ-ತವರದ ಆಕ್ಸೈಡ್), ಜೊತೆಗೆ ದುಬಾರಿ ಇಂಡಿಯಂಗೆ ಬದಲಾಗಿ ಅಲ್ಯೂಮಿನಿಯಂ ಬೆರೆಸಿದ ಸತುವಿನ ಆಕ್ಸೈಡ್. ಇರುವುದು ಒಬ್ಬಳೇ ವಿದ್ಯಾರ್ಥಿನಿ. ಕೋಣೆ ಮೊದಲ ಮಹಡಿಯಲ್ಲಿದೆ. ಎರಡೂ ದಾರಿಯಲ್ಲಿ ನಡೆದವರು ದಯವಿಟ್ಟು ತಿಳಿಸಿ.

ನಿರ್ವಾತ:
ಸ್ವಂತದ್ದನ್ನೇ ಕೊಳ್ಳಿ. ನಾನು ಮೊದಲ ಯೋಜನೆಯಲ್ಲಿ ಹಂಚಿಕೆಯ ಪ್ರಯೋಗಾಲಯವನ್ನು ನೆಚ್ಚಿಕೊಂಡಿದ್ದೆ. ಸರದಿ ಬರುವುದಕ್ಕೇ ತಿಂಗಳುಗಟ್ಟಲೆ ಕಾಯಬೇಕು. ಸರದಿ ಬಂದ ದಿನ ನೋಡಿದರೆ ಹಿಂದಿನವರು ತಾಮ್ರದ ಪದರ ಮಾಡಿ ಹೋಗಿದ್ದರು. ಚೇಂಬರಿನ ಒಳಗಿನ ರಕ್ಷಣಾ ತಗಡುಗಳ ಮೇಲೆ ಕೆಂಪು ಹೊಳಪು ಬರಿಗಣ್ಣಿಗೆ ಕಾಣುತ್ತಿತ್ತು. ತೋರಿಸಿದರೆ ‘ಅದರ ಮೇಲೆ ನಿಮ್ಮ ವಸ್ತುವನ್ನೇ ಸ್ವಲ್ಪ ಹೊತ್ತು ಹೊದಿಸಿ, ಆಮೇಲೆ ಶುರು ಮಾಡಿ’ ಎಂದರು. ನನ್ನ ಪಾಳಿಯ ಅರ್ಧ ಹೊತ್ತು ಬೇರೆಯವರ ಕೊಳೆ ಮುಚ್ಚುವುದರಲ್ಲೇ ಕಳೆಯಿತು. ಒಂದೇ ಗಾಜಿನ ತುಂಡಿನ ಒಂದು ಅಂಚಿನಲ್ಲಿ ಪದರದ ವಿದ್ಯುತ್ ರೋಧ ಚದರಕ್ಕೆ 12 ಓಮ್, ಇನ್ನೊಂದು ಅಂಚಿನಲ್ಲಿ 40. ಅಂಥ ಅಳತೆಯನ್ನು ಯಾರಿಗೆ ತೋರಿಸುವುದು?

ಎರಡನೆಯ ಯೋಜನೆಯಲ್ಲಿ ಯಂತ್ರ ಕೊಂಡೆ. ಕೊಟೇಶನ್ನಿನಲ್ಲಿದ್ದದ್ದು ಯಂತ್ರದ ಬೆಲೆ ಮಾತ್ರ. ನೀರು ತಂಪಾಗಿಸುವ ಚಿಲ್ಲರ್ ಬೇರೆ, ಕವಾಟಗಳಿಗೆ ಗಾಳಿ ಕೊಡುವ ಕಂಪ್ರೆಸರ್ ಬೇರೆ, ಆರ್ಗಾನಿಗೂ ಆಮ್ಲಜನಕಕ್ಕೂ ರೆಗ್ಯುಲೇಟರ್ ಬೇರೆ, ಸ್ಟೀಲ್ ಕೊಳವೆ ಬೇರೆ, ಮೂರು ಫೇಸಿನ ವೈರಿಂಗ್, ಪ್ರತ್ಯೇಕ ಅರ್ಥಿಂಗ್. ಆರ್‌ಎಫ್ (ರೇಡಿಯೊ ಆವರ್ತನದ) ವಿದ್ಯುತ್ ಮೂಲವನ್ನು ಪ್ಲಾಸ್ಮಾಕ್ಕೆ ಹೊಂದಿಸುವ ಮ್ಯಾಚಿಂಗ್ ಪೆಟ್ಟಿಗೆಯನ್ನು ಪುಟದ ಅಡಿಯಲ್ಲಿ ‘ಐಚ್ಛಿಕ’ ಎಂದು ಬರೆದಿದ್ದರು. ಅದಿಲ್ಲದಿದ್ದರೆ ಕಳಿಸಿದ ವಿದ್ಯುತ್ ಹಿಂದಕ್ಕೆ ಮರಳುತ್ತದೆಯೇ ಹೊರತು ಪ್ಲಾಸ್ಮಾ ಹೊತ್ತಿಕೊಂಡು ನಿಲ್ಲುವುದಿಲ್ಲ. ಎಲ್ಲ ಸೇರಿ ಯಂತ್ರದ ಬೆಲೆಯ ಮೂರನೆಯ ಒಂದು ಪಾಲಿನಷ್ಟಾಯಿತು. ಬಾಗಿಲಿನ ಚೌಕಟ್ಟು ಒಡೆಸಿದ ಖರ್ಚು ಯಾವ ಬಾಬ್ತಿಗೂ ಸೇರಲಿಲ್ಲ, ನನ್ನ ಸಂಬಳದಿಂದ ಕೊಟ್ಟೆ.

ಕೊಟ್ಟದ್ದಕ್ಕೆ ಬೇಸರವಿಲ್ಲ. 10⁻⁶ ಟಾರ್‌ನಷ್ಟು ಕಡಿಮೆ ಒತ್ತಡದಲ್ಲೂ ಉಳಿದ ಅನಿಲದ ಅಣುಗಳು ಹೆಚ್ಚು ಕಡಿಮೆ ಒಂದೇ ಸೆಕೆಂಡಿನಲ್ಲಿ ಇಡೀ ಮೇಲ್ಮೈಯನ್ನು ಒಂದು ಪದರ ಮುಚ್ಚುವಷ್ಟು ಬಂದು ಬಡಿಯುತ್ತವೆ. ಇಂಥ ಕೆಲಸದಲ್ಲಿ ಚೇಂಬರಿನೊಳಗೆ ನಿನ್ನೆ ಏನಿತ್ತು, ಮೊನ್ನೆ ಏನಿತ್ತು ಎಂಬುದು ನನಗೆ ಗೊತ್ತಿರಬೇಕು.

ಹಳೆಯ ಪಂಪು:
ನಿರ್ವಾತ ಅವರು ಅರ್ಧ ಕಥೆ ಹೇಳಿದ್ದಾರೆ. ಯೋಜನೆ ಮುಗಿದ ಮೇಲೆ ಏನಾಗುತ್ತದೆ ಎಂಬುದು ಉಳಿದರ್ಧ. ನನ್ನ ಯಂತ್ರಕ್ಕೂ ಆದೇಶ ಹೊರಡುವ ಹೊತ್ತಿಗೆ ಮೊದಲ ವರ್ಷ ಕಳೆದಿತ್ತು. ತಾಂತ್ರಿಕ ಸಮಿತಿ ಒಮ್ಮೆ ಸೇರಿತು, ಒಬ್ಬರೇ ಸರಬರಾಜುದಾರರು ಅರ್ಹರೆಂದು ಟೆಂಡರ್ ರದ್ದಾಯಿತು, ಮತ್ತೆ ಕರೆದರು. ಯಂತ್ರ ಬಂದು ನಿಂತು, ಸೋರಿಕೆ ಹುಡುಕಿ ಮುಗಿಸಿ, ಮೊದಲ ಒಳ್ಳೆಯ ಪದರ ಕೈಗೆ ಬಂದಾಗ ಎರಡನೆಯ ವರ್ಷವೂ ಹೆಚ್ಚು ಉಳಿದಿರಲಿಲ್ಲ. ವಾರಂಟಿಯ ಲೆಕ್ಕ ಮಾತ್ರ ಯಂತ್ರ ಅವರ ಗೋದಾಮು ಬಿಟ್ಟ ದಿನದಿಂದ.

ಐಟಿಒ ಟಾರ್ಗೆಟ್ಟಿನ ಕಥೆ ಕೇಳಿ. ಅದು ಸೆರಾಮಿಕ್, ವಿದ್ಯುತ್ತನ್ನು ಒಮ್ಮೆಲೇ ಏರಿಸಿದರೆ ಬಿರಿಯುತ್ತದೆ. ಹಾಗಾಗಿ ಅದನ್ನು ತಾಮ್ರದ ತಟ್ಟೆಗೆ ಇಂಡಿಯಂನಿಂದ ಬೆಸೆದು ಕೊಡುತ್ತಾರೆ. ಇಂಡಿಯಂ 156 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ಒಂದು ಮಧ್ಯಾಹ್ನ ಚಿಲ್ಲರಿನ ಫಿಲ್ಟರ್ ಕಟ್ಟಿಕೊಂಡು ನೀರಿನ ಹರಿವು ಇಳಿಯಿತು. ನೀರು ನಿಂತರೆ ವಿದ್ಯುತ್ ಕಡಿಯಬೇಕಾದ ಸ್ವಿಚ್ಚನ್ನು ಯಂತ್ರ ಕೂಡಿಸಲು ಬಂದವರು ಪರೀಕ್ಷೆಗೆಂದು ತಪ್ಪಿಸಿಟ್ಟವರು ಹಾಗೆಯೇ ಬಿಟ್ಟು ಹೋಗಿದ್ದರು. ಬೆಸುಗೆ ಕರಗಿ ಟಾರ್ಗೆಟ್ ಅರ್ಧ ಕಳಚಿಕೊಂಡು, ಎರಡು ಹೋಳಾಗಿ ನಿಂತಿತ್ತು. ತಟ್ಟೆಯ ಅಂಚಿನಲ್ಲಿ ಇಂಡಿಯಂ ಬೆಳ್ಳಿಯ ಹನಿಗಳಾಗಿ ಗಟ್ಟಿಯಾಗಿತ್ತು. ಹೊಸ ಟಾರ್ಗೆಟ್ಟಿಗೆ ಉಪಭೋಗ್ಯ ವಸ್ತುಗಳ ಬಾಬ್ತಿನಲ್ಲಿ ಉಳಿದದ್ದೆಲ್ಲ ಹೋಯಿತು.

ಯೋಜನೆ ಮುಗಿದ ವರ್ಷವೇ ನಿರ್ವಾತ ಮಾಡುವ ಟರ್ಬೊ ಪಂಪಿನ ಬೇರಿಂಗ್ ಕೂಗತೊಡಗಿತು. ನಿರ್ವಹಣಾ ಒಪ್ಪಂದಕ್ಕೆ ಸಂಸ್ಥೆಯಲ್ಲಿ ಹಣವಿಲ್ಲ. ಹೊಸ ಯೋಜನೆ ಕೇಳಿದರೆ ‘ಯಂತ್ರ ಈಗಾಗಲೇ ಇದೆಯಲ್ಲ’ ಎಂದು ಸಮಿತಿ ಸಲಕರಣೆಯ ಹಣ ಕಡಿಯಿತು. ಜನರ ತೆರಿಗೆಯಿಂದ ಬಂದ ವಸ್ತು ಬಟ್ಟೆ ಹೊದ್ದು ಕುಳಿತಿದೆ. ಕೊಳ್ಳುವುದಕ್ಕೆ ಕೊಡುವವರು ನಡೆಸುವುದಕ್ಕೂ ಕೊಡಬೇಕೆಂದು ಎಲ್ಲ ವರದಿಯಲ್ಲೂ ಬರೆದಿದ್ದೇನೆ. ಉತ್ತರ ಬಂದಿಲ್ಲ.

ಲಾಗ್‌ಬುಕ್:
ನಾನು ಹಂಚಿಕೆಯ ಪ್ರಯೋಗಾಲಯವೊಂದರಲ್ಲಿ ಯಂತ್ರ ನಡೆಸುವವಳು. ನಿರ್ವಾತ ಸರ್ ಬರೆದದ್ದನ್ನು ಓದಿ ಸುಮ್ಮನಿರಲಾಗಲಿಲ್ಲ. ಕೊಳೆ ತರುವವರು ಯಾರು? ಬಳಕೆದಾರರೇ. ಅರ್ಜಿಯಲ್ಲಿ ‘ಸಿಲಿಕಾನ್ ಮೇಲೆ ಟೈಟಾನಿಯಂ’ ಎಂದು ಬರೆಯುತ್ತಾರೆ. ಮಾದರಿಯನ್ನು ಒಳಗಿಟ್ಟು ಬಿಸಿ ಮಾಡಿದ ಮೇಲೆ ಗೊತ್ತಾಗುತ್ತದೆ, ಅಡಿಯಲ್ಲಿ ಯಾವುದೋ ಅಂಟು, ಅದರ ಅಡಿಯಲ್ಲಿ ಸತುವಿನ ತುಂಡು. ಸತುವು ನಿರ್ವಾತದಲ್ಲಿ 300 ಡಿಗ್ರಿ ದಾಟುವ ಹೊತ್ತಿಗೆ ಆವಿಯಾಗಿ ಗೋಡೆ, ಗೇಜು, ಹೀಟರು ಎಲ್ಲದರ ಮೇಲೆ ಕೂರುತ್ತದೆ. ಆಮೇಲೆ ಹೀಟರ್ ಬಿಸಿಯಾದಾಗಲೆಲ್ಲ ಮತ್ತೆ ಏಳುತ್ತದೆ. ತಗಡುಗಳನ್ನು ಬಿಚ್ಚಿ, ಮರಳು ಚಿಮ್ಮಿಸಿ ಉಜ್ಜಿ, ತೊಳೆದು, ಒಣಗಿಸಿ, ಮತ್ತೆ ಜೋಡಿಸಿ, ಚೇಂಬರನ್ನು ಬಿಸಿ ಮಾಡಿ ಗೋಡೆಯ ನೀರಾವಿ ತೆಗೆಯುವುದು ನನ್ನ ಕೆಲಸ. ಆ ವಾರ ಯಾರಿಗೂ ಸರದಿ ಸಿಗುವುದಿಲ್ಲ, ಬೈಗುಳ ನನಗೆ ಸಿಗುತ್ತದೆ.

ಇನ್ನೊಂದು ಮಾತು. ಆಮ್ಲಜನಕ ಕಡಿಮೆಯಾದರೆ ಐಟಿಒ ಕಂದಾಗುತ್ತದೆ, ಹೆಚ್ಚಾದರೆ ಪಾರದರ್ಶಕವಾಗುತ್ತದೆ ಆದರೆ ವಿದ್ಯುತ್ ಹರಿಯುವುದಿಲ್ಲ. ನಡುವಿನ ಆ ಕಿರಿದಾದ ಜಾಗವನ್ನು ಬಳಕೆದಾರರಿಗೆ ಹುಡುಕಿ ಕೊಟ್ಟವಳು ನಾನು. ಪ್ರಕಟವಾದ ಪ್ರಬಂಧದಲ್ಲಿ ನನ್ನ ಹೆಸರು ಲೇಖಕರ ಸಾಲಿನಲ್ಲೂ ಇಲ್ಲ, ಕೃತಜ್ಞತೆಯ ಸಾಲಿನಲ್ಲೂ ಇಲ್ಲ. ‘ಪ್ರಯೋಗಾಲಯದ ಸೌಲಭ್ಯಕ್ಕೆ ಧನ್ಯವಾದ’ ಎಂದಿದೆ.

ನಿರ್ವಾತ:
ಮೇಡಂ, ನಾನು ನಿಮ್ಮನ್ನು ಬೈಯಲಿಲ್ಲ, ವ್ಯವಸ್ಥೆಯನ್ನು ಬೈದೆ. ಆದರೆ ಶುಲ್ಕ ಪಡೆದು ಯಂತ್ರ ನಡೆಸುವುದು ಸೇವೆ. ಸೇವೆಗೆಲ್ಲ ಲೇಖಕತ್ವ ಕೊಡುತ್ತಾ ಹೋದರೆ ಎಕ್ಸ್-ರೇ ತೆಗೆದವರು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನಡೆಸಿದವರು ಎಲ್ಲರನ್ನೂ ಸೇರಿಸಬೇಕಾಗುತ್ತದೆ.

ಲಾಗ್‌ಬುಕ್:
ಸೇರಿಸಬೇಕು. ಗುಂಡಿ ಒತ್ತಿದವರನ್ನು ಬೇಡ. ಯಾವ ಹರಿವು, ಯಾವ ಒತ್ತಡ, ಯಾವ ಶಾಖ ಎಂದು ಯೋಚಿಸಿ ನಿರ್ಧರಿಸಿದವರನ್ನು ಸೇರಿಸಬೇಕು.

ಚುಂಬಕ:
ಸ್ವಂತ ಯಂತ್ರವಿಲ್ಲದಿದ್ದರೆ ಸಂಶೋಧನೆಯೇ ಇಲ್ಲವೆನ್ನುವ ವಾದ ನನಗೆ ಹಿಡಿಸುವುದಿಲ್ಲ. 1988ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಆಲ್ಬರ್ಟ್ ಫೆರ್ ಅವರ ತಂಡ ಕಬ್ಬಿಣ ಮತ್ತು ಕ್ರೋಮಿಯಂ ಪದರಗಳಲ್ಲಿ ಬೃಹತ್ ಕಾಂತೀಯ ಪ್ರತಿರೋಧವನ್ನು (ಕಾಂತಕ್ಷೇತ್ರ ತಗುಲಿದಾಗ ವಿದ್ಯುತ್ ರೋಧ ಬಹಳ ಬದಲಾಗುವುದನ್ನು) ಕಂಡಿತಲ್ಲ, ಆ ಪದರಗಳು ಬೆಳೆದದ್ದು ಥಾಮ್ಸನ್-ಸಿಎಸ್‌ಎಫ್ ಕಂಪನಿಯ ಪ್ರಯೋಗಾಲಯದಲ್ಲಿ. ಅವುಗಳನ್ನು ಬೆಳೆಸಿದವರ ಹೆಸರು ಪ್ರಬಂಧದ ಲೇಖಕರಲ್ಲಿದೆ. ಲಾಗ್‌ಬುಕ್ ಮೇಡಂ ಹೇಳುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ? ಅದೇ ಹೊತ್ತಿಗೆ ಜರ್ಮನಿಯ ಯೂಲಿಷ್‌ನ ಸರ್ಕಾರಿ ಸಂಶೋಧನಾ ಕೇಂದ್ರದಲ್ಲಿ ಪೀಟರ್ ಗ್ರೂನ್‌ಬರ್ಗ್ ಅವರಿಗೂ ಅದೇ ಪರಿಣಾಮ ಸಿಕ್ಕಿತು. 2007ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ನಾನೂ ಹಾಗೆಯೇ ಕೆಲಸ ಮಾಡಿದವನು. ನನ್ನ ವಿದ್ಯಾರ್ಥಿಗಳು ರಾತ್ರಿ ರೈಲಿನಲ್ಲಿ ಹೋಗಿ, ಪದರ ಮಾಡಿಕೊಂಡು, ಮಾದರಿಗಳನ್ನು ನೈಟ್ರೋಜನ್ ತುಂಬಿದ ಡಬ್ಬಿಯಲ್ಲಿ ತರುತ್ತಿದ್ದರು. ಕಬ್ಬಿಣದ ಪದರ ಗಾಳಿ ತಗುಲಿದರೆ ತುಕ್ಕು ಹಿಡಿಯುತ್ತದೆ. ಮೇಲೊಂದು ತೆಳುವಾದ ಟ್ಯಾಂಟಲಮ್ ಹೊದಿಕೆ ಹಾಕದೆ ಹೊರಗೆ ತೆಗೆಯುವಂತಿರಲಿಲ್ಲ. ಕಷ್ಟವಾಯಿತು, ಆದರೆ ಉಳಿದ ಹಣದಲ್ಲಿ ಅಳತೆಯ ಸಲಕರಣೆ ಕೊಂಡೆ. ಅದು ಇವತ್ತಿಗೂ ದಿನವೂ ಓಡುತ್ತಿದೆ.

ನಿರ್ವಾತ:
ಆ ಉದಾಹರಣೆಯನ್ನು ಪೂರ್ತಿ ಹೇಳಿ. ಫೆರ್ ಮತ್ತು ಗ್ರೂನ್‌ಬರ್ಗ್ ಇಬ್ಬರೂ ಬಳಸಿದ್ದು ನಿಧಾನದ, ದುಬಾರಿ ಅಣುಪುಂಜ ವಿಧಾನ (ವಸ್ತುವನ್ನು ಬಿಸಿ ಮಾಡಿ, ಹೊರಟ ಪರಮಾಣುಗಳನ್ನು ಪದರ ಪದರವಾಗಿ ಕೂರಿಸುವುದು). ಅದೇ ಪರಿಣಾಮ ಸಾಮಾನ್ಯ ಸ್ಪಟರಿಂಗ್‌ನಲ್ಲೂ ಸಿಗುತ್ತದೆಂದು ಐಬಿಎಂನಲ್ಲಿ ಸ್ಟುವರ್ಟ್ ಪಾರ್ಕಿನ್ ತೋರಿಸಿದರು. ಸ್ಪಟರಿಂಗ್ ಬೇಗ ಮುಗಿಯುವುದರಿಂದ ಪದರದ ದಪ್ಪವನ್ನು ಬದಲಿಸಿ ಬದಲಿಸಿ ಬಹಳಷ್ಟು ಮಾದರಿ ನೋಡಲು ಸಾಧ್ಯವಾಯಿತು. ಯಂತ್ರ ದಿನವೂ ಕೈಯಲ್ಲಿದ್ದವರಿಗೆ ಮಾತ್ರ ಅಂಥ ಕೆಲಸ ಸಾಧ್ಯ. 1997ರಲ್ಲಿ ಹಾರ್ಡ್ ಡಿಸ್ಕಿನಿಂದ ಮಾಹಿತಿ ಓದುವ ತಲೆಯಾಗಿ (ರೀಡ್ ಹೆಡ್) ಅದು ಮಾರುಕಟ್ಟೆಗೆ ಬಂದದ್ದೂ ಐಬಿಎಂನಿಂದಲೇ.

ಚುಂಬಕ:
ಸರ್ಕಾರದ ಹಣದಲ್ಲಿ ಮೂಲ ಶೋಧ ಆಗದಿದ್ದರೆ ಐಬಿಎಂ ಏನನ್ನು ಮಾರುಕಟ್ಟೆಗೆ ತರುತ್ತಿತ್ತು? ವಿಷಯ ಬದಲಿಸಬೇಡಿ.

ಕುಲುಮೆ:
ಎಲ್ಲರೂ ನಿರ್ವಾತದಲ್ಲೇ ಮುಳುಗಿದ್ದೀರಿ. ನಾನು ಫ್ಲೋರಿನ್ ಬೆರೆಸಿದ ತವರದ ಆಕ್ಸೈಡನ್ನು (ಅದೂ ಪಾರದರ್ಶಕ ವಾಹಕವೇ) ಬಿಸಿ ಗಾಜಿನ ಮೇಲೆ ದ್ರಾವಣ ಸಿಂಪಡಿಸಿಯೇ ಮಾಡುತ್ತೇನೆ. ಗಾಜು 400–500 ಡಿಗ್ರಿಯಲ್ಲಿರಬೇಕು. ಹನಿ ದೊಡ್ಡದಾದರೆ ಗಾಜು ತಣ್ಣಗಾಗಿ ಬಿಳಿ ಕಲೆ ಬೀಳುತ್ತದೆ, ಹನಿ ತೀರಾ ಚಿಕ್ಕದಾದರೆ ಮೇಲ್ಮೈ ಮುಟ್ಟುವ ಮೊದಲೇ ಒಣಗಿ ಪುಡಿಯಾಗುತ್ತದೆ. ಹೀಟರಿನ ತಟ್ಟೆ, ನಳಿಕೆ, ಆಮ್ಲದ ಹೊಗೆ ಎಳೆಯುವ ಫ್ಯೂಮ್ ಹುಡ್, ಇಷ್ಟೇ ನನ್ನ ಸಲಕರಣೆ. ಕ್ಲೋರೈಡ್ ಹೊಗೆಗೆ ಫ್ಯೂಮ್ ಹುಡ್ಡಿನ ಫ್ಯಾನ್ ಕೊರೆದು ಹೋಗುತ್ತದೆ, ಅದನ್ನು ಬದಲಿಸುವ ಖರ್ಚು ಬಿಟ್ಟರೆ ನನ್ನ ಯೋಜನೆ ಯಾರ ಮರ್ಜಿಗೂ ನಿಲ್ಲಲಿಲ್ಲ. ಆದರೂ ಪ್ರತಿ ವಿಮರ್ಶಕರೂ ‘ಸ್ಪಟರಿಂಗ್‌ನಿಂದ ಏಕೆ ಮಾಡಲಿಲ್ಲ’ ಎಂದು ಕೇಳುತ್ತಾರೆ. ಅದು ನೋವಿನ ವಿಷಯ.

ನಿರ್ವಾತ:
ಒರಟುತನ ಎಷ್ಟು ನ್ಯಾನೊಮೀಟರ್ ಬರುತ್ತದೆ? ಮೇಲೆ ಸಾವಯವ ಎಲ್‌ಇಡಿ ಕೂರಿಸಿದರೆ ಚೂಪು ತುದಿಗಳು ಪದರವನ್ನು ಚುಚ್ಚಿ ಶಾರ್ಟ್ ಆಗುವುದಿಲ್ಲವೇ?

ಕುಲುಮೆ:
ನಾನು ಸಾವಯವ ಎಲ್‌ಇಡಿ ಮಾಡುತ್ತೇನೆಂದು ಎಲ್ಲಿ ಹೇಳಿದೆ? ಸೌರಕೋಶಕ್ಕೆ ಆ ಒರಟುತನವೇ ಬೇಕು, ಬೆಳಕು ಚದುರಿ ಒಳಗೆ ಉಳಿಯುತ್ತದೆ. ಎಲ್ಲರ ಅಗತ್ಯವನ್ನೂ ನಿಮ್ಮ ಚೇಂಬರಿನ ಕಿಟಕಿಯಿಂದ ಅಳೆಯಬೇಡಿ.

ಮೊದಲ ಯೋಜನೆ:
ಎಲ್ಲರಿಗೂ ಧನ್ಯವಾದಗಳು. ಲಾಗ್‌ಬುಕ್ ಮೇಡಂ, ಹಾಗಾದರೆ ಸತುವಿನ ಆಕ್ಸೈಡನ್ನು ಹಂಚಿಕೆಯ ಯಂತ್ರದಲ್ಲಿ ಮಾಡಲು ಬಿಡುವುದೇ ಇಲ್ಲವೇ?

ಚುಂಬಕ:
ಆಕ್ಸೈಡ್ ಬೇರೆ, ಲೋಹ ಬೇರೆ. ಸತುವಿನ ಆಕ್ಸೈಡ್ ಲೋಹದಷ್ಟು ಸುಲಭವಾಗಿ ಆವಿಯಾಗುವುದಿಲ್ಲ. ಸುಮ್ಮನೆ ಹೆದರಿಸುತ್ತಾರೆ.

ಲಾಗ್‌ಬುಕ್:
ಸಾಕ್ಷಿಗೆ ನನ್ನ ಹೆಸರು ಬಳಸಿದವರೇ ಈಗ ನಾನು ಹೆದರಿಸುತ್ತೇನೆ ಎನ್ನುತ್ತೀರಿ. ಆರ್ಗಾನ್ ಒಂದರಲ್ಲೇ ಓಡಿಸಿದರೆ ಟಾರ್ಗೆಟ್ಟಿನ ಮೇಲ್ಮೈ ಆಮ್ಲಜನಕ ಕಳೆದುಕೊಳ್ಳುತ್ತದೆ, ಹೆಚ್ಚುವರಿ ಸತುವು ಹೊರಗೆ ಬರುತ್ತದೆ. ಅದಕ್ಕೇ ಸಿಲಿಕಾನ್ ಚಿಪ್ ಕೆಲಸ ನಡೆಯುವ ಚೇಂಬರಿಗೆ ಬಿಡುವುದಿಲ್ಲ. ಚಿನ್ನವನ್ನೂ ಬಿಡುವುದಿಲ್ಲ, ಅದು ಸಿಲಿಕಾನಿನೊಳಗೆ ಇಳಿದು ಸಾಧನವನ್ನು ಕೆಡಿಸುತ್ತದೆ. ಆಕ್ಸೈಡುಗಳಿಗೆಂದೇ ಮೀಸಲಾದ ಚೇಂಬರ್ ಇದ್ದರೆ ಬಿಡುತ್ತಾರೆ. ಅರ್ಜಿ ಹಾಕುವ ಮೊದಲು ಅದನ್ನೇ ಕೇಳಿ, ಎಲ್ಲವನ್ನೂ ನಿಜವಾಗಿ ಬರೆಯಿರಿ.

ಮೂರನೇ ಕಂತು:
ಯಂತ್ರವೋ ಪ್ರಯಾಣವೋ ಎನ್ನುವುದಕ್ಕಿಂತ ಲೆಕ್ಕಪತ್ರ ನನ್ನನ್ನು ಹಣಿಯಿತು. ಬಾಬ್ತು ಬದಲಿಸಲು ಕೇಳಿದ ಪತ್ರ ಮೂರು ಮೇಜು ಸುತ್ತಿ ವರ್ಷಾಂತ್ಯಕ್ಕೆ ಬಂತು. ಖರ್ಚಾಗದ ಹಣ ಅಷ್ಟರಲ್ಲಿ ಮರಳಿ ಹೋಗಿತ್ತು. ಹಣ ಬಳಕೆಯ ಪ್ರಮಾಣಪತ್ರದ ಅಂಕಿ ಹೊಂದಲಿಲ್ಲವೆಂದು ಮುಂದಿನ ಕಂತು ನಿಂತಿತು. ವಿದ್ಯಾರ್ಥಿಯ ಶಿಷ್ಯವೇತನವೂ ಅದರೊಂದಿಗೆ ನಿಂತಿತು, ಅವನು ಕೆಲಸ ಹುಡುಕಿಕೊಂಡು ಹೋದ.

ಅದಕ್ಕಿಂತ ಕೆಟ್ಟದ್ದು ಚಿನ್ನದ ಟಾರ್ಗೆಟ್ಟಿನ ಲೆಕ್ಕ. ಲೆಕ್ಕ ಪರಿಶೋಧಕರು ದಾಸ್ತಾನು ಪುಸ್ತಕ ಹಿಡಿದು ಬಂದು ತೂಕ ಮಾಡಿಸಿದರು. ಕೊಂಡಾಗಿನ ತೂಕಕ್ಕಿಂತ ಕಡಿಮೆ ಇದೆ, ಉಳಿದ ಚಿನ್ನ ಎಲ್ಲಿ ಎಂದರು. ಟಾರ್ಗೆಟ್ಟಿನ ಹಿಂದಿನ ಅಯಸ್ಕಾಂತಗಳ (ಮ್ಯಾಗ್ನೆಟ್ರಾನ್) ಕಾಂತಕ್ಷೇತ್ರ ಹಿಡಿದಿಡುವ ಕಡೆ ಪ್ಲಾಸ್ಮಾ ದಟ್ಟವಾಗಿ, ಟಾರ್ಗೆಟ್ ಉಂಗುರದಂತೆ ಸವೆಯುತ್ತದೆ ಎಂದು ಆ ಹಳ್ಳವನ್ನು ಬೆರಳಿಟ್ಟು ತೋರಿಸಿದೆ. ಹೊರಟ ಚಿನ್ನದಲ್ಲಿ ಮಾದರಿಯ ಮೇಲೆ ಕೂತದ್ದು ಸ್ವಲ್ಪ, ಹೆಚ್ಚಿನದು ತಗಡುಗಳ ಮೇಲೆ. ತಗಡು ಕೆರೆದು ತೂಗಿ ಕೊಡಿ ಎಂದರು. ಆ ಆಕ್ಷೇಪಣೆ ಇನ್ನೂ ತೆರವಾಗಿಲ್ಲ. ಹಳ್ಳ ತಳ ಮುಟ್ಟಿದರೆ ಟಾರ್ಗೆಟ್ ಮುಗಿದಂತೆ. ಸುತ್ತ ಉಳಿದ ಹೆಚ್ಚಿನ ಚಿನ್ನವನ್ನು ಮರಳಿ ಕೊಟ್ಟು ಹೊಸದಕ್ಕೆ ಹೊಂದಿಸಿಕೊಳ್ಳಬಹುದಿತ್ತು, ಆಕ್ಷೇಪಣೆ ಇರುವವರೆಗೆ ಅದನ್ನೂ ಮುಟ್ಟುವಂತಿಲ್ಲ.

ನಿರ್ವಾತ:
ಪ್ರತಿ ಪದರಕ್ಕೂ ಮೊದಲು, ನಂತರ ಟಾರ್ಗೆಟ್ಟಿನ ತೂಕ ಬರೆದಿಡಬೇಕಿತ್ತು. ನಾನು ಬರೆದಿಡುತ್ತೇನೆ.

ಮೂರನೇ ಕಂತು:
ಪ್ರತಿ ಪದರಕ್ಕೂ ಚೇಂಬರ್ ತೆರೆದು ಟಾರ್ಗೆಟ್ ಬಿಚ್ಚುತ್ತೀರಾ? ಹಾಗಾದರೆ ನೀವು ಹೇಳಿದ 10⁻⁶ ಟಾರ್ ಮತ್ತು ಗೋಡೆಯ ಶುದ್ಧತೆ ಎಲ್ಲಿ ಉಳಿಯಿತು?

ನಿರ್ವಾತ:
ಬ್ಯಾಚಿನ ಆರಂಭಕ್ಕೆ, ಕೊನೆಗೆ ಎಂದು ಓದಿಕೊಳ್ಳಿ. ಮಾತು ಹಿಡಿದು ಎಳೆಯಬೇಡಿ.

ಹಳೆಯ ಪಂಪು:
ಜಗಳ ನಿಲ್ಲಿಸಿ ಒಂದು ಉಪಕಾರ ಮಾಡಿ. ಬೇರಿಂಗ್ ಬದಲಿಸಲು ಕೊನೆಗೂ ವಿಭಾಗದಿಂದ ಸ್ವಲ್ಪ ಹಣ ಸಿಕ್ಕಿದೆ, ಈಗ ಕಂಟ್ರೋಲರೂ ಕೆಟ್ಟಿದೆಯೆಂದು ಸರ್ವೀಸಿನವರು ಹೇಳುತ್ತಿದ್ದಾರೆ. ಅದೇ ಮಾದರಿಯನ್ನು ಈಗ ತಯಾರಿಸುತ್ತಿಲ್ಲವಂತೆ. ಯಾರ ಬಳಿಯಾದರೂ ಕೈಬಿಟ್ಟ ಯಂತ್ರದ ಹಳೆಯ ಟರ್ಬೊ ಕಂಟ್ರೋಲರ್ ಇದ್ದರೆ ತಿಳಿಸಿ.

ಲಾಗ್‌ಬುಕ್:
ನಮ್ಮ ಉಗ್ರಾಣದಲ್ಲಿ ಒಂದಿದೆ, ವಿಲೇವಾರಿ ಪಟ್ಟಿಗೆ ಸೇರಿಸಿದ್ದಾರೆ. ಪಂಪಿನ ಕೇಬಲ್ ತುದಿಯ ಪಿನ್‌ಗಳ ಚಿತ್ರ ಕಳಿಸಿ ಸರ್, ಹೊಂದುತ್ತದೆಯೇ ನೋಡುತ್ತೇನೆ. ಪಟ್ಟಿಗೆ ಸಹಿ ಬೀಳುವ ಮೊದಲು ನಿಮ್ಮ ಸಂಸ್ಥೆಯಿಂದ ಪತ್ರ ಬರಬೇಕು, ತಡಮಾಡಬೇಡಿ.