ಹಳೇ ಸಿಟಿ ವಿಟೆಕ್‌ಗೆ ಇಂಟೇಕ್ ಸ್ಪೇಸರ್: ಫೀನಾಲಿಕ್ಕಾ, ಅಲ್ಯುಮಿನಿಯಮ್ಮಾ?

ತುಂಗಾ_ದಡ:
ನನ್ನದು ಹಳೇ ಹೋಂಡಾ ಸಿಟಿ 1.5 ವಿಟೆಕ್, ಆ 106 ಬಿಎಚ್‌ಪಿದು. ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುವಾಗ ಮುಂದೆ ಬಸ್ ಸಿಕ್ಕಿಬಿಟ್ಟರೆ ಅಷ್ಟೂ ತಿರುವು ತೆವಳಬೇಕು, ಮೇಲೆ ಬರುವಷ್ಟರಲ್ಲಿ ಇಂಟೇಕ್ ಮ್ಯಾನಿಫೋಲ್ಡ್ (ಎಂಜಿನ್‌ಗೆ ಗಾಳಿ ಹಂಚೋ ಕೊಳವೆಗಳು) ಬಿಸಿಗೆ ಮುಟ್ಟೋಕಾಗಲ್ಲ, ಪಿಕಪ್ಪೂ ಸಪ್ಪೆ. ಎಂಜಿನ್ ಹೆಡ್ಡಿಗೂ ಮ್ಯಾನಿಫೋಲ್ಡಿಗೂ ನಡುವೆ ಬಿಸಿ ತಡೆಯೋ ತಟ್ಟೆ, ಅಂದ್ರೆ ಸ್ಪೇಸರ್, ಹಾಕಿಸೋಣ ಅಂತ. ಶಿವಮೊಗ್ಗದ ಲೇತ್‌ನವರು ಅಲ್ಯುಮಿನಿಯಂ ಸ್ಪೇಸರ್ ಮಾಡಿಕೊಡುತ್ತೇನೆ ಅನ್ನುತ್ತಾರೆ. ಆನ್‌ಲೈನ್‌ನಲ್ಲಿ ಫೀನಾಲಿಕ್‌ದು ಇದೆ. ಯಾವುದು ತಗೊಳ್ಳಲಿ? ದಪ್ಪ ಎಷ್ಟು?

ಸಾಗರ_ರೋಡ್:
ಬಿಸಿ ತಡೆಯೋಕೆ ಅಂದ್ರೆ ಅಲ್ಯುಮಿನಿಯಂ ಬೇಡವೇ ಬೇಡ ಮಾರಾಯ್ರೆ. ಹೆಡ್ಡೂ ಅದೇ, ಮ್ಯಾನಿಫೋಲ್ಡೂ ಅದೇ, ನಡುವೆ ಇನ್ನೊಂದು ತುಂಡು ಅದೇ ಇಟ್ಟರೆ ಬಿಸಿ ಸಲೀಸಾಗಿ ದಾಟುತ್ತದೆ. ಫೀನಾಲಿಕ್ ಅಂದ್ರೆ ಬಟ್ಟೆ ಅಥವಾ ಕಾಗದದ ಪದರಗಳನ್ನು ರೆಸಿನ್ ಹಾಕಿ ಒತ್ತಿ ಮಾಡಿದ್ದು, ಹಳೇ ಸ್ವಿಚ್ಚಿನ ಬೇಕಲೈಟ್ ಜಾತಿ. ಬಿಸಿ ದಾಟಿಸೋದ್ರಲ್ಲಿ ನೂರಾರು ಪಟ್ಟು ಸೋಮಾರಿ. ದಪ್ಪದ ಆಸೆ ಬೇಡ. ದಪ್ಪ ಆದಷ್ಟೂ ಉದ್ದದ ಸ್ಟಡ್ ಬೇಕು, ಆಕ್ಸಿಲರೇಟರ್ ಕೇಬಲ್ ಎಳೆಯುತ್ತದೆ, ಕೆಳಗಿನ ಬ್ರಾಕೆಟ್ ಕೂರುವುದಿಲ್ಲ. ರನ್ನರ್ (ಮ್ಯಾನಿಫೋಲ್ಡಿನ ಒಂದೊಂದು ಕೊಳವೆ) ಉದ್ದ ಆಗಿ ಟಾರ್ಕ್ ಸ್ವಲ್ಪ ಕೆಳಗಿನ ಆರ್‌ಪಿಎಂಗೆ ಬರುತ್ತದೆ ನಿಜ, ಆದರೆ ಕೆಲವೇ ಮಿಲಿಮೀಟರ್‌ಗೆ ಅದು ಗೊತ್ತೂ ಆಗಲ್ಲ.

ಕೊಪ್ಪ_ಕಾಫಿ:
ಪವರ್ ಜಾಸ್ತಿ ಆಗುತ್ತೆ ಅಂತಿದ್ದರೆ ಬಿಡಿ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಗಾಳಿ ಮ್ಯಾನಿಫೋಲ್ಡ್ ಒಳಗೆ ನಿಲ್ಲುವುದೇ ಇಲ್ಲ, ಬಿಸಿ ಆಗೋಕೆ ಟೈಮ್ ಎಲ್ಲಿದೆ? 60 ಡಿಗ್ರಿಯ ಗಾಳಿ 50ಕ್ಕೆ ಇಳಿದರೂ ಸಾಂದ್ರತೆ ಏರುವುದು ಸುಮಾರು 3 ಪರ್ಸೆಂಟ್. ಸ್ಪೇಸರ್ ಕೆಲಸಕ್ಕೆ ಬರೋದು ನೀವು ಹೇಳಿದ ಹಾಗೆ ತೆವಳುವಾಗ, ಇಲ್ಲಾಂದ್ರೆ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದಾಗ. ಮೊದಲು ಗಾಳಿ ಎಲ್ಲಿಂದ ಎಳೀತಿದೆ ನೋಡಿ. ಏರ್ ಬಾಕ್ಸ್ ತೆಗೆದು ಓಪನ್ ಫಿಲ್ಟರ್ ಹಾಕಿ ಬಾನೆಟ್ ಒಳಗಿನ ಬಿಸಿ ಗಾಳಿಯನ್ನೇ ಕುಡಿಸುತ್ತಿದ್ದರೆ ಸ್ಪೇಸರ್ ಸುಮ್ನೆ ದುಡ್ಡು ದಂಡ.

ತುಂಗಾ_ದಡ:
ಗಾಡಿ ತಗೊಳ್ಳುವಾಗಲೇ ಓಪನ್ ಫಿಲ್ಟರ್ ಇತ್ತು ಸರ್. ಹಳೇ ಮಾಲೀಕರು ಕಂಪನಿ ಏರ್ ಬಾಕ್ಸನ್ನೂ ಡಿಕ್ಕಿಯಲ್ಲಿಟ್ಟು ಕೊಟ್ಟಿದ್ದಾರೆ. ತಮ್ಮನ ಕಾರಿಗೆ ಪ್ಲಾಸ್ಟಿಕ್ ಮ್ಯಾನಿಫೋಲ್ಡ್, ಅವನೂ ಕೇಳುತ್ತಿದ್ದಾನೆ.

ಕೊಪ್ಪ_ಕಾಫಿ:
ತಮ್ಮನಿಗೆ ಬೇಡ ಅನ್ನಿ, ಪ್ಲಾಸ್ಟಿಕ್ಕೇ ಬಿಸಿ ತಡೆಯುತ್ತದೆ. ನೀವು ಏರ್ ಬಾಕ್ಸ್ ವಾಪಸ್ ಹಾಕಿ ಒಮ್ಮೆ ಘಾಟಿ ಹತ್ತಿ. ಬೇಸಿಗೆಯಲ್ಲೇ ಹತ್ತಿ, ಮಳೆಗಾಲದ ಆಗುಂಬೆಯ ತಂಪಲ್ಲಿ ಯಾವ ಗಾಡಿಯೂ ಚೆನ್ನಾಗೇ ಓಡುತ್ತೆ.

ಸಾಗರ_ರೋಡ್:
ಹ್ಞಾಂ, ಅದು ಮೊದಲು. ಆಮೇಲೂ ಸ್ಪೇಸರ್ ಬೇಕು ಅನಿಸಿದರೆ ನಿಮ್ಮ ಗ್ಯಾಸ್ಕೆಟ್ ಇಟ್ಟು ತೂತುಗಳನ್ನು ಹೊಂದಿಸಿ ನೋಡಿ, ಕೂಲೆಂಟ್ ದಾರಿ ಇದ್ದರೆ ಅದನ್ನೂ. ಗಾಳಿ ಹೋಗೋ ತೂತಿನ (ಪೋರ್ಟ್) ಒಳಗೆ ಸ್ಪೇಸರ್ ಅಂಚು ಚಾಚಿಕೊಂಡಿರಬಾರದು. ಎರಡೂ ಕಡೆ ಹೊಸ ಗ್ಯಾಸ್ಕೆಟ್, ಟಾರ್ಕ್ ರೆಂಚ್‌ನಲ್ಲಿ ನಡುವಿಂದ ಹೊರಗೆ ಬಿಗಿಯುತ್ತಾ ಹೋಗಲಿ. ಆಮೇಲೆ ಐಡಲಿಂಗ್ ಏರಿಳಿದರೆ ಎಲ್ಲೋ ಗಾಳಿ ಲೀಕ್ ಇದೆ ಅಂತ. ಟ್ಯೂನಿಂಗ್ ಮಾಡಿಸಬೇಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಮೊದಲು ಬಿಚ್ಚಿಸಿ ನೋಡಿ.