ಪದಚರ್ಚೆ: ‘ಆರಂಭಗೊಳ್ಳದಿದ್ದಲ್ಲಿ’ – ಯಾವ ಆರಂಭ?

ಪ್ರಶ್ನೆ

ಕಂಪ್ಯೂಟರ್ ರಿಪೇರಿ ಕೈಪಿಡಿಯೊಂದರ ಕರಡಿನಲ್ಲಿ ಈ ಸಾಲುಗಳಿವೆ:

“ಎರಡನೆಯ ಹಾರ್ಡ್ ಡಿಸ್ಕ್ ಅಳವಡಿಸಿದ ಬಳಿಕ ಗಣಕಯಂತ್ರವು ಆರಂಭಗೊಳ್ಳದಿದ್ದಲ್ಲಿ ಪ್ರಾಥಮಿಕ ಡಿಸ್ಕ್ ಸಕ್ರಿಯವಾಗಿದೆಯೇ ಎಂದು ಪರಿಶೀಲಿಸಿ. ಯಜಮಾನ–ಗುಲಾಮ ಜಿಗಿತುಂಡುಗಳನ್ನು ಸರಿಪಡಿಸಿ. ವಿದ್ಯುತ್ ಪೂರೈಕೆ ಸಾಕಷ್ಟಿದೆಯೇ ನೋಡಿ. ‘ಎನ್‌ಟಿಎಲ್‌ಡಿಆರ್ ಕಾಣೆಯಾಗಿದೆ’ ಎಂಬ ಸಂದೇಶ ಬಂದಲ್ಲಿ ಕಾರ್ಯಾಚರಣ ವ್ಯವಸ್ಥೆಯನ್ನು ಮರುಸ್ಥಾಪಿಸಿ.”

(ಎನ್‌ಟಿಎಲ್‌ಡಿಆರ್ ಎಂದರೆ ಹಳೇ ವಿಂಡೋಸನ್ನು ಶುರುಮಾಡುವ ಫೈಲು.) ವ್ಯಾಕರಣದ ತಪ್ಪು ಹುಡುಕಿದರೂ ಸಿಗದು. ಆದರೆ ಕೇಸ್ ಬಿಚ್ಚಿಟ್ಟುಕೊಂಡು ಕೂತವರು ಇದನ್ನು ಓದಿ ಯಾವ ವೈರ್‌ಗೆ ಕೈ ಹಾಕಬೇಕು? ಆರಂಭ, ಪ್ರಾಥಮಿಕ, ಸಕ್ರಿಯ, ಯಜಮಾನ–ಗುಲಾಮ, ವಿದ್ಯುತ್ ಪೂರೈಕೆ, ಕಾಣೆ – ಇವುಗಳ ಜಾಗದಲ್ಲಿ ಏನು ಬರೆಯಬಹುದು? ಇಂಗ್ಲಿಷ್ ಪದಗಳನ್ನೇ ಕನ್ನಡ ಲಿಪಿಯಲ್ಲಿ ಇಟ್ಟರೆ ಸಾಕೇ?

ಉತ್ತರ

ಲಿಪಿ ಬದಲಿಸಿದರೆ ಸಾಲದು. ಇಲ್ಲಿನ ಒಂದೊಂದು ಪದವೂ ಎರಡು ಮೂರು ಬೇರೆ ಬೇರೆ ದೋಷಗಳನ್ನು ಒಂದೇ ಚೀಲಕ್ಕೆ ತುಂಬಿದೆ. ಮೊದಲು ಚೀಲ ಬಿಚ್ಚೋಣ.

‘ಆರಂಭಗೊಳ್ಳದಿದ್ದಲ್ಲಿ’ ಎಂಬುದನ್ನು ಆಡುಮಾತಿನಲ್ಲಿ ‘ಆನ್ ಆಗ್ತಿಲ್ಲ’ ಎನ್ನುತ್ತೇವೆ. ಎರಡೂ ಅಷ್ಟೇ ಮಬ್ಬು. ಎರಡನೇ ಡಿಸ್ಕ್ ಹಾಕಿದ ಮೇಲೆ ಕಂಪ್ಯೂಟರ್ ಹಲವು ಕಡೆ ನಿಲ್ಲಬಹುದು, ಒಂದೊಂದಕ್ಕೂ ಕಾರಣ ಬೇರೆ. ಬಟನ್ ಒತ್ತಿದರೂ ಫ್ಯಾನ್ ತಿರುಗದಿದ್ದರೆ, ಅಥವಾ ಒಂದು ಸುತ್ತು ತಿರುಗಿ ನಿಂತರೆ, ಅದು ‘ಪವರ್ ಬರುತ್ತಿಲ್ಲ’. ಹೊಸ ಡಿಸ್ಕಿನಲ್ಲೋ ಅದಕ್ಕೆ ಕೊಟ್ಟ ಅಡಾಪ್ಟರಿನಲ್ಲೋ ಶಾರ್ಟ್ ಆಗಿ ಎಸ್‌ಎಂಪಿಎಸ್ (ಕೇಸಿನೊಳಗಿನ ಪವರ್ ಡಬ್ಬಿ) ತನ್ನನ್ನು ತಾನೇ ಆಫ್ ಮಾಡಿಕೊಂಡಿರಬಹುದು; ಕೈ ತಗುಲಿ ಮದರ್‌ಬೋರ್ಡಿನ 24 ಪಿನ್ ಕನೆಕ್ಟರ್ ಸಡಿಲವಾಗಿರಬಹುದು. ಗೋಡೆಯ ಪ್ಲಗ್ ಕಿತ್ತು, ಹೊಸ ಡಿಸ್ಕಿನ ಪವರ್ ಕನೆಕ್ಟರ್ ಒಂದನ್ನೇ ತೆಗೆದು ಮತ್ತೆ ಒತ್ತಿ ನೋಡಿದರೆ ಎರಡರಲ್ಲಿ ಯಾವುದೆಂದು ಗೊತ್ತಾಗುತ್ತದೆ.

ಫ್ಯಾನ್ ತಿರುಗಿ ಪರದೆ ಕಪ್ಪಾಗಿಯೇ ಇದ್ದರೆ ‘ಡಿಸ್‌ಪ್ಲೇ ಬರುತ್ತಿಲ್ಲ’. ಇದು ಜನರೇ ಬಳಸುವ ಮಾತು, ಹಾಗೇ ಇಟ್ಟುಕೊಳ್ಳೋಣ. ಇಕ್ಕಟ್ಟಿನ ಕೇಸಿನೊಳಗೆ ಡಿಸ್ಕ್ ತೂರಿಸುವಾಗ ರ‍್ಯಾಮ್ ಅಥವಾ ಗ್ರಾಫಿಕ್ಸ್ ಕಾರ್ಡ್ ಸ್ವಲ್ಪ ಮೇಲೆದ್ದಿರುತ್ತದೆ. ಬಿಚ್ಚಿ ಮತ್ತೆ ಗಟ್ಟಿಯಾಗಿ ಕೂರಿಸಬೇಕು. ಪರದೆ ಬಂದು ಕಂಪನಿಯ ಲೋಗೋದಲ್ಲೇ ನಿಂತರೆ ಬಯಾಸ್ (ಪವರ್ ಬಂದೊಡನೆ ಮೊದಲು ಓಡುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಂ) ಯಾವುದೋ ಡಿಸ್ಕಿನ ಉತ್ತರಕ್ಕೆ ಕಾಯುತ್ತಿದೆ ಎಂದು ಊಹಿಸಬಹುದು: ಕೆಟ್ಟ ಡಿಸ್ಕ್, ಕೆಟ್ಟ ಕೇಬಲ್, ಹಳೇ ಮಾದರಿಯಲ್ಲಾದರೆ ತಪ್ಪು ಜಂಪರ್ (ಡಿಸ್ಕಿನ ಹಿಂಬದಿಯ ಪಿನ್ನುಗಳ ಮೇಲೆ ಕೂರಿಸುವ ಪುಟ್ಟ ತುಂಡು).

ಇವೆಲ್ಲ ದಾಟಿ, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಒಂದು ಸಾಲು ಬಂದು ನಿಂತಾಗ ಮಾತ್ರ ‘ಬೂಟ್ ಆಗುತ್ತಿಲ್ಲ’ ಎನ್ನಬೇಕು. ವಿಂಡೋಸ್ ಲೋಗೋ ಬಂದ ಮೇಲೆ ನೀಲಿ ಪರದೆ ಬಂದರೆ ಅದು ಇನ್ನೂ ಮುಂದಿನ ಹಂತ: ‘ವಿಂಡೋಸ್ ಅರ್ಧಕ್ಕೆ ನಿಲ್ಲುತ್ತಿದೆ’. ಅದರಲ್ಲಿ 7ಬಿ ಎಂಬ ಸಂಖ್ಯೆ ಕಂಡರೆ, ಹೊಸ ಡಿಸ್ಕಿಗೆಂದು ಬಯಾಸಿನಲ್ಲಿ ಸಾಟಾ ಮೋಡನ್ನು (ಡಿಸ್ಕಿನೊಡನೆ ಬೋರ್ಡ್ ಮಾತಾಡುವ ರೀತಿಯನ್ನು) ಐಡಿಇಯಿಂದ ಎಎಚ್‌ಸಿಐಗೋ ರೇಡ್‌ಗೋ ಬದಲಿಸಿದ್ದೀರಾ ನೋಡಿ. ಮೊದಲಿದ್ದ ಹಾಗೆ ಇಟ್ಟರೆ ಸರಿಹೋಗುವ ಸಂಭವವೇ ಹೆಚ್ಚು.

‘ಬೂಟ್’ ಪದದ ಬಗ್ಗೆ ಒಂದು ಮಾತು. ಇದರ ಮೂಲ ಕಾಲಿಗೆ ಹಾಕುವ ಬೂಟೇ. ಅದರ ಹಿಂಬದಿಯ ಪಟ್ಟಿಗೆ ಬೂಟ್‌ಸ್ಟ್ರ್ಯಾಪ್ ಎನ್ನುತ್ತಾರೆ. ಆ ಪಟ್ಟಿ ಹಿಡಿದು ತನ್ನನ್ನೇ ತಾನು ಮೇಲೆತ್ತಿಕೊಳ್ಳುವ ಅಸಾಧ್ಯ ಸಾಹಸದ ನುಡಿಗಟ್ಟಿನಿಂದ ಬಂದದ್ದು. ಚಿಕ್ಕ ಪ್ರೋಗ್ರಾಂ ದೊಡ್ಡದನ್ನು ಎಳೆದು ತರುತ್ತದೆ, ಅದು ಇನ್ನೂ ದೊಡ್ಡದನ್ನು. ಕನ್ನಡದಲ್ಲಿ ಕಾಲಿನದು ‘ಬೂಟು’, ಉಕಾರದೊಡನೆ. ಕಂಪ್ಯೂಟರಿನದು ‘ಬೂಟ್’, ಆಗು–ಮಾಡುಗಳೊಡನೆ. ಗೊಂದಲವೇ ಇಲ್ಲ. ಗೊಂದಲ ಇರುವುದು ವಿಭಕ್ತಿಯಲ್ಲಿ. ‘ಡಿಸ್ಕ್ ಬೂಟ್ ಆಗುತ್ತಿಲ್ಲ’ ಎಂದು ಬರೆದರೆ ಓದಿದವರು ಡಿಸ್ಕನ್ನೇ ಅನುಮಾನಿಸುತ್ತಾರೆ. ಬೂಟ್ ಆಗುವುದು ಕಂಪ್ಯೂಟರ್, ಡಿಸ್ಕಿನಿಂದ. ಪಂಚಮಿ ಬಿಡಬೇಡಿ.

ಇನ್ನು ‘ಕಾಣೆಯಾಗಿದೆ’. ನನ್ನ ಪ್ರಕಾರ ಈ ಕರಡಿನಲ್ಲಿ ಅತಿ ಹೆಚ್ಚು ಹಾನಿ ಮಾಡುವ ಪದ ಇದೇ. ಕಾಣೆಯಾದದ್ದು ಎಂದರೆ ಇದ್ದದ್ದು ಈಗ ಇಲ್ಲ ಎಂದರ್ಥ; ಅದನ್ನು ನಂಬಿ ವಿಂಡೋಸ್ ಮರುಸ್ಥಾಪಿಸಲು ಹೊರಟವರು ಇದ್ದ ಫೈಲುಗಳನ್ನೂ ಕಳೆದುಕೊಳ್ಳಬಹುದು. ಆದದ್ದು ಇಷ್ಟೇ: ಬಯಾಸ್ ತನ್ನ ಪಟ್ಟಿಯ ಮೊದಲ ಡಿಸ್ಕಿನ ಮೊದಲ ಸೆಕ್ಟರ್ (ಡಿಸ್ಕಿನ ಅತಿ ಚಿಕ್ಕ ತುಣುಕು) ಓದುತ್ತದೆ. ಅದರ ಅಳತೆ 512 ಬೈಟು. ಮೊದಲ 446 ಬೈಟಿನಲ್ಲಿ ಚಿಕ್ಕ ಪ್ರೋಗ್ರಾಂ, ಆಮೇಲೆ 64 ಬೈಟಿನ ಪಾರ್ಟಿಷನ್ (ಡಿಸ್ಕಿನ ವಿಭಾಗಗಳ) ಪಟ್ಟಿ, ಕೊನೆಗೆ 55 ಎಎ ಎಂಬ ಎರಡು ಬೈಟಿನ ಸಹಿ. ಆ ಪ್ರೋಗ್ರಾಂ ಬೂಟ್ ಗುರುತಿರುವ ಪಾರ್ಟಿಷನ್ ಹುಡುಕಿ ಅದರ ಮೊದಲ ಸೆಕ್ಟರಿಗೆ ಕೆಲಸ ಒಪ್ಪಿಸುತ್ತದೆ. ಅಲ್ಲಿಂದ ಎನ್‌ಟಿಎಲ್‌ಡಿಆರ್ ಹುಡುಕಾಟ, ವಿಸ್ತಾದಿಂದೀಚೆಗಿನ ವಿಂಡೋಸಿನಲ್ಲಿ ಅದರ ಬದಲಿಗೆ ಬೂಟ್‌ಎಂಜಿಆರ್ ಹುಡುಕಾಟ. ಹೊಸದಾಗಿ ಸೇರಿಸಿದ ಡಿಸ್ಕ್ ಪಟ್ಟಿಯಲ್ಲಿ ಮೊದಲಿಗೆ ಬಂದು ಕೂತಿದ್ದರೆ ಹುಡುಕಾಟ ಅಲ್ಲೇ ನಡೆಯುತ್ತದೆ. ಇರುವ ಫೈಲು ಹಳೇ ಡಿಸ್ಕಿನಲ್ಲಿ ಭದ್ರವಾಗಿದೆ. ಬೇರೆ ಮನೆಯ ಬೀರು ತಡಕಾಡಿ ಬೀಗದಕೈ ಇಲ್ಲ ಎಂದ ಹಾಗೆ. ‘ಸಿಗಲಿಲ್ಲ’ ಎಂದು ಬರೆಯಿರಿ. ಸಿಗಲಿಲ್ಲ ಎಂದರೆ ‘ಎಲ್ಲಿ ಹುಡುಕಿತು?’ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ.

ಈ ಸಾಲು ಯಾರ ಮಾತು ಎಂಬುದೂ ಮುಖ್ಯ. ‘ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್’ ಎಂದು ಬರೆಯುವುದು ಡಿಸ್ಕಿನೊಳಗಿನ ಪ್ರೋಗ್ರಾಂ. ಅದು ಓಡಿದೆ ಎಂದ ಮೇಲೆ ಯಾವುದೋ ಒಂದು ಡಿಸ್ಕ್ ಓದಲು ಸಿಕ್ಕಿದೆ, ಆ ಡಿಸ್ಕಿನ ಕೇಬಲ್ ಬದಲಿಸುತ್ತಾ ಕೂರಬೇಕಿಲ್ಲ. ‘ರೀಬೂಟ್ ಆಂಡ್ ಸೆಲೆಕ್ಟ್ ಪ್ರಾಪರ್ ಬೂಟ್ ಡಿವೈಸ್’ ಎನ್ನುವುದು ಬಯಾಸ್. ಬೂಟ್ ಆಗುವಂಥ ಯಾವ ಡಿಸ್ಕೂ ಅದಕ್ಕೆ ಸಿಕ್ಕಿಲ್ಲ. ಆಗ ಹಳೇ ಡಿಸ್ಕಿನ ಕೇಬಲ್ ಕಳಚಿದೆಯೇ ನೋಡುವುದು ಮೊದಲ ಕೆಲಸ. ಹೊಸದು ಎಂ.2 (ಕೇಬಲಿಲ್ಲದೆ ಬೋರ್ಡಿಗೇ ಸಿಕ್ಕಿಸುವ ಡಿಸ್ಕ್) ಆಗಿದ್ದರೆ ಮತ್ತೊಂದು ಪೇಚು: ಹಲವು ಮದರ್‌ಬೋರ್ಡುಗಳಲ್ಲಿ ಎಂ.2 ಸ್ಲಾಟ್ ತುಂಬಿದರೆ ಒಂದೆರಡು ಸಾಟಾ ಪೋರ್ಟುಗಳು ಕೆಲಸ ನಿಲ್ಲಿಸುತ್ತವೆ. ಯಾವುವು ಎಂದು ಬೋರ್ಡಿನ ಕೈಪಿಡಿಯಲ್ಲಿ ನೋಡಿ ಹಳೇ ಡಿಸ್ಕಿನ ಕೇಬಲನ್ನು ಬೇರೆ ಪೋರ್ಟಿಗೆ ಚುಚ್ಚಬೇಕು.

‘ಸಕ್ರಿಯ’ ಎಂದರೆ ಓದುಗರು ‘ಡಿಸ್ಕ್ ಕೆಲಸ ಮಾಡುತ್ತಿದೆಯೇ’ ಎಂದುಕೊಳ್ಳುತ್ತಾರೆ. ಇಲ್ಲಿ ಹೇಳಬೇಕಾದದ್ದು ಒಂದು ಬೈಟಿನ ವಿಷಯ. ಪಾರ್ಟಿಷನ್ ಪಟ್ಟಿಯ ನಾಲ್ಕು ಸಾಲುಗಳಲ್ಲಿ ತಲಾ 16 ಬೈಟು. ಸಾಲಿನ ಮೊದಲ ಬೈಟು 80 ಆಗಿದ್ದರೆ ಆ ಪಾರ್ಟಿಷನ್ನಿನಿಂದ ಬೂಟ್ ಮಾಡು ಎಂದು, 00 ಆಗಿದ್ದರೆ ಬೇಡ ಎಂದು. ಇದಕ್ಕೆ ‘ಬೂಟ್ ಗುರುತು’ ಸಾಕು. ಹಳೇ ಕಂಪ್ಯೂಟರಿನಿಂದ ಕಿತ್ತು ತಂದ ಡಿಸ್ಕಿನಲ್ಲಿ ಈ ಗುರುತು ಉಳಿದೇ ಇರುತ್ತದೆ, ಫೈಲುಗಳನ್ನೆಲ್ಲ ಅಳಿಸಿದ್ದರೂ. ಪೂರ್ತಿ ಖಾಲಿ ಡಿಸ್ಕಿನಲ್ಲಿ 55 ಎಎ ಸಹಿಯೂ ಇರುವುದಿಲ್ಲವಾದ್ದರಿಂದ ಬಯಾಸ್ ಸಾಮಾನ್ಯವಾಗಿ ಅದನ್ನು ದಾಟಿ ಮುಂದೆ ಹೋಗುತ್ತದೆ. ಡಿಸ್ಕನ್ನು ಎಂಬಿಆರ್ (ಮೇಲೆ ಹೇಳಿದ ಮೊದಲ ಸೆಕ್ಟರಿನ ಏರ್ಪಾಡು) ಆಗಿ ಇನಿಷಿಯಲೈಜ್ ಮಾಡಿದಾಗ ಸಹಿ ಬೀಳುತ್ತದೆ. ‘ಹಾಕಿದ ದಿನ ಸರಿಯಿತ್ತು, ಫಾರ್ಮ್ಯಾಟ್ ಮಾಡಿದ ಮೇಲೆ ಹಾಳಾಯಿತು’ ಎಂಬ ದೂರಿನ ಹಿಂದೆ ಇದಿರಬಹುದು.

‘ಪ್ರಾಥಮಿಕ’ ಬೇಡವೇ ಬೇಡ. ಪ್ರೈಮರಿ ಪಾರ್ಟಿಷನ್ ಒಂದು, ಹಳೇ ಬೋರ್ಡಿನ ಪ್ರೈಮರಿ ಚಾನೆಲ್ ಇನ್ನೊಂದು, ಬೂಟ್ ಪಟ್ಟಿಯ ಮೊದಲ ಡಿಸ್ಕ್ ಮತ್ತೊಂದು. ಕರಡಿನವರಿಗೆ ಬೇಕಿದ್ದದ್ದು ಮೂರನೆಯದು. ‘ವಿಂಡೋಸ್ ಇರುವ ಡಿಸ್ಕ್’ ಎಂದುಬಿಟ್ಟರೆ ಆಯಿತು.

ಪಟ್ಟಿಯ ವಿಷಯದಲ್ಲೂ ‘ಬೂಟ್ ಕ್ರಮ ನೋಡಿ’ ಎಂದಷ್ಟೇ ಬರೆದು ನಿಲ್ಲಿಸಬಾರದು. ಹಳೇ ಬಯಾಸುಗಳಲ್ಲಿ ಎರಡು ಪಟ್ಟಿ ಇರುವುದುಂಟು: ಸಿ.ಡಿ. ಮೊದಲೋ ಹಾರ್ಡ್ ಡಿಸ್ಕ್ ಮೊದಲೋ ಎಂಬುದು ಒಂದು, ಹಾರ್ಡ್ ಡಿಸ್ಕುಗಳಲ್ಲಿ ಯಾವುದು ಮೊದಲು ಎಂಬುದು ಬೇರೆ ಪುಟದಲ್ಲಿ ಇನ್ನೊಂದು. ಮೊದಲನೆಯದನ್ನು ಸರಿ ಮಾಡಿ ಎರಡನೆಯದನ್ನು ಮುಟ್ಟದೆ ಬಂದರೆ ಏನೂ ಬದಲಾಗದು. ಯುಇಎಫ್‌ಐ (ಬಯಾಸಿನ ಹೊಸ ರೂಪ) ಇದ್ದಲ್ಲಿ ಡಿಸ್ಕಿನ ಮಾದರಿ ಹೆಸರಿನ ಬದಲು ‘ವಿಂಡೋಸ್ ಬೂಟ್ ಮ್ಯಾನೇಜರ್’ ಎಂಬ ಸಾಲನ್ನು ಮೇಲಕ್ಕೆ ತರಬೇಕು. ಬಿಟ್‌ಲಾಕರ್ (ವಿಂಡೋಸಿನ ಡಿಸ್ಕ್ ಬೀಗ) ಹಾಕಿದ್ದರೆ, ಕ್ರಮ ಬದಲಿಸುವ ಮೊದಲೇ 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ ಎಂಬ ಎಚ್ಚರಿಕೆ ಕಡ್ಡಾಯ.

ಯಜಮಾನ–ಗುಲಾಮ: ಇದು ಹಳೇ ಪಾಟಾ (ಅಗಲ ಪಟ್ಟಿ ಕೇಬಲಿನ) ಡಿಸ್ಕುಗಳಿಗೆ ಮಾತ್ರ. ಸಾಟಾದಲ್ಲಿ ಒಂದು ಕೇಬಲಿಗೆ ಒಂದೇ ಡಿಸ್ಕ್, ಈ ಪ್ರಶ್ನೆಯೇ ಇಲ್ಲ; ಕರಡಿನಲ್ಲಿ ಆ ಭೇದವನ್ನು ಹೇಳದಿರುವುದು ಪದದೋಷಕ್ಕಿಂತ ದೊಡ್ಡ ತಪ್ಪು. ಪದವೂ ಸರಿಯಿಲ್ಲ. ಯಜಮಾನ ಡಿಸ್ಕ್ ಇನ್ನೊಂದಕ್ಕೆ ಅಪ್ಪಣೆ ಕೊಡುವುದಿಲ್ಲ. ಎರಡರಲ್ಲೂ ಅವುಗಳದೇ ಕಂಟ್ರೋಲರ್ ಇದೆ. ಎಟಿಎ ಮಾನಕ ಇವನ್ನು ಕರೆಯುವುದೇ ಡಿವೈಸ್ 0, ಡಿವೈಸ್ 1 ಎಂದು. 2003ರಲ್ಲಿ ಲಾಸ್ ಏಂಜಲೀಸ್ ಕೌಂಟಿ ಆಡಳಿತ ಈ ಜೋಡಿಪದ ಬೇಡವೆಂದು ಸರಬರಾಜುದಾರರಿಗೆ ಬರೆದದ್ದು ದೊಡ್ಡ ಸುದ್ದಿಯಾಗಿತ್ತು. ಆದರೆ ಡಿಸ್ಕಿನ ಚೀಟಿಯ ಮೇಲೆ ಮಾಸ್ಟರ್, ಸ್ಲೇವ್, ಕೇಬಲ್ ಸೆಲೆಕ್ಟ್ ಎಂದೇ ಅಚ್ಚಾಗಿರುತ್ತದೆ. ಕಣ್ಣಿಗೆ ಕಾಣುವ ಪದವನ್ನು ಕೈಪಿಡಿ ಬದಲಿಸಿದರೆ ಓದುಗರಿಗೆ ತೊಂದರೆ. ಹಾಗಾಗಿ ಚೀಟಿಯ ಪದವನ್ನೇ ಉದ್ಧರಣ ಚಿಹ್ನೆಯೊಳಗೆ ಕೊಟ್ಟು, ವಿವರಿಸುವಾಗ ‘ಕೇಬಲಿನ ತುದಿಯ ಡಿಸ್ಕ್’, ‘ನಡುವಿನ ಡಿಸ್ಕ್’ ಎನ್ನಬಹುದು. 80 ತಂತಿಯ ಕೇಬಲಿನಲ್ಲಿ ನೀಲಿ ಕನೆಕ್ಟರ್ ಬೋರ್ಡಿಗೆ, ನಡುವಿನ ಬೂದು ಡಿವೈಸ್ 1ಕ್ಕೆ, ತುದಿಯ ಕಪ್ಪು ಡಿವೈಸ್ 0ಕ್ಕೆ. ಎರಡೂ ಡಿಸ್ಕನ್ನು ಕೇಬಲ್ ಸೆಲೆಕ್ಟಿನಲ್ಲಿಡಿ, ಇಲ್ಲವೇ ಒಂದನ್ನು ಮಾಸ್ಟರ್, ಇನ್ನೊಂದನ್ನು ಸ್ಲೇವ್ ಮಾಡಿ, ಬೆರೆಸಬೇಡಿ. ವೆಸ್ಟರ್ನ್ ಡಿಜಿಟಲ್‌ನ ಹಲವು ಪಾಟಾ ಡಿಸ್ಕುಗಳಲ್ಲಿ ‘ಸಿಂಗಲ್’ ಎಂಬ ಸ್ಥಾನ ಬೇರೆಯೇ ಇದೆ. ಒಂಟಿಯಾಗಿದ್ದಾಗ ಅದರಲ್ಲಿದ್ದ ಡಿಸ್ಕ್, ಜೊತೆಗೆ ಇನ್ನೊಂದು ಬಂದಾಗ ಮಾಸ್ಟರ್ ಸ್ಥಾನಕ್ಕೆ ಬರಬೇಕು. ಹೊಸ ಡಿಸ್ಕಿನ ಜಂಪರನ್ನು ಎಷ್ಟು ಸಲ ಬದಲಿಸಿದರೂ ಪ್ರಯೋಜನವಾಗದೆ ಇರುವುದು ಇಂಥಲ್ಲೇ.

‘ಜಿಗಿತುಂಡು’ ಬೇಡ, ಜಂಪರ್ ಸಾಕು. (ಕೆಲವೆಡೆ ಜಂಪರು ಎಂದರೆ ರವಿಕೆ. ಕೇಸಿನೊಳಗೆ ಅದನ್ನು ಹುಡುಕುವವರು ಇರಲಾರರು.) ಆದರೆ ‘ಸರಿಪಡಿಸಿ’ ತಪ್ಪು, ಕೆಟ್ಟದ್ದನ್ನು ಸರಿಪಡಿಸುತ್ತೇವೆ, ಜಂಪರಿನ ‘ಜಾಗ ಬದಲಿಸುತ್ತೇವೆ’.

‘ವಿದ್ಯುತ್ ಪೂರೈಕೆ ಸಾಕಷ್ಟಿದೆಯೇ’ ಎಂದರೆ ಮನೆಗೆ ಬರುವ ಕರೆಂಟು ನೆನಪಾಗುತ್ತದೆ. ‘ಎಸ್‌ಎಂಪಿಎಸ್’ ಎಂದೇ ಇರಲಿ. 3.5 ಇಂಚಿನ ಡಿಸ್ಕ್ ತಿರುಗಲು ಶುರುಮಾಡುವ ಕೆಲವು ಸೆಕೆಂಡು 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರ್ ಎಳೆಯುತ್ತದೆ, ಅಂದರೆ 24 ವಾಟ್. ಆಮೇಲೆ ಅದರ ಮೂರನೇ ಒಂದು ಪಾಲಿಗಿಂತ ಹೆಚ್ಚು ಬೇಕಾಗುವುದು ಅಪರೂಪ. ಹಳತಾದ ಎಸ್‌ಎಂಪಿಎಸ್ ಸೋಲುವುದು ಆ ಮೊದಲ ಸೆಕೆಂಡುಗಳಲ್ಲೇ.

ಇನ್ನೊಂದು ಉತ್ತರ

ಮೇಲಿನದಕ್ಕೆ ಎರಡು ಸೇರ್ಪಡೆ. ಬೂಟ್‌ಗೆ ‘ಏಳು’ ಎಂಬ ಅಚ್ಚಗನ್ನಡ ಪದ ಚೆನ್ನಾಗಿ ಕೇಳುತ್ತದೆಯಾದರೂ ಅದನ್ನು ಸ್ಲೀಪ್‌ನಿಂದ ಮರಳುವುದಕ್ಕೆ ಬಿಟ್ಟುಕೊಡೋಣ. ಮಲಗಿದ್ದು ತಾನೇ ಏಳುವುದು!

ಎರಡನೆಯದು, ‘ಎರಡನೆಯ’ ಎಂಬುದೇ. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ 0ಯಿಂದ ಎಣಿಸುತ್ತದೆ; ಅಲ್ಲಿನ ‘ಡಿಸ್ಕ್ 1’ ನಮ್ಮ ಬಾಯಲ್ಲಿ ಎರಡನೆಯದು. ಲಿನಕ್ಸನ್ನು ಬೂಟ್ ಮಾಡುವ ಗ್ರಬ್ 2 ಡಿಸ್ಕುಗಳನ್ನು 0ಯಿಂದ, ಪಾರ್ಟಿಷನ್ನುಗಳನ್ನು 1ರಿಂದ ಎಣಿಸುತ್ತದೆ. ಕೈಪಿಡಿಯಲ್ಲಿ ‘ಒಂದನೇ ಡಿಸ್ಕ್’ ಎಂದು ಎಲ್ಲೂ ಬರೆಯದೆ ‘ಡಿಸ್ಕ್ 1’ ಎಂದು ಪರದೆಯಲ್ಲಿ ಇದ್ದಂತೆ, ಉಳಿದೆಡೆ ‘ಹಳೇ ಡಿಸ್ಕ್’, ‘ಹೊಸ ಡಿಸ್ಕ್’ ಎಂದು ಇಡುವುದು ಕ್ಷೇಮ. ಲಿನಕ್ಸಿನಲ್ಲಂತೂ ಇದೇ ದೋಷಕ್ಕೆ ದಾರಿ, ಡಿಸ್ಕಿನ ಹೆಸರೇ ಬದಲಾಗಬಹುದು: ನಿನ್ನೆ ಎಸ್‌ಡಿಎ ಆಗಿದ್ದದ್ದು ಇಂದು ಎಸ್‌ಡಿಬಿ ಆಗಿರಬಹುದು. ಎಫ್‌ಎಸ್‌ಟ್ಯಾಬ್ (ಯಾವ ಡಿಸ್ಕನ್ನು ಎಲ್ಲಿ ಜೋಡಿಸಬೇಕೆಂಬ ಪಟ್ಟಿ) ಫೈಲಿನಲ್ಲಿ ಆ ಹೆಸರೇ ಇದ್ದರೆ ಬೂಟ್ ಆಗುವಾಗ ಒಂದೂವರೆ ನಿಮಿಷ ಕಾದು ಎಮರ್ಜೆನ್ಸಿ ಮೋಡ್‌ಗೆ ಬೀಳಬಹುದು. ಹೆಸರಿನ ಬದಲು ಯುಯುಐಡಿ (ಪಾರ್ಟಿಷನ್ನಿನ ಬದಲಾಗದ ಗುರುತುಸಂಖ್ಯೆ) ಬರೆದು, ಹೊಸ ಡಿಸ್ಕಿನ ಸಾಲಿಗೆ ‘ನೋಫೇಲ್’ (ಸಿಗದಿದ್ದರೂ ಮುಂದೆ ಹೋಗು ಎಂಬ ಸೂಚನೆ) ಸೇರಿಸಬೇಕು.

ಪ್ರಶ್ನೆ ಕೇಳಿದವರಿಂದ

ತಿದ್ದಿದ ಸಾಲುಗಳು ಹೀಗಿವೆ:

“ಹೊಸ ಡಿಸ್ಕ್ ಹಾಕಿದ ಮೇಲೆ ಕಂಪ್ಯೂಟರ್ ಎಲ್ಲಿ ನಿಲ್ಲುತ್ತದೆ ನೋಡಿ: ಪವರ್ ಬರುತ್ತಿಲ್ಲವೇ, ಡಿಸ್‌ಪ್ಲೇ ಬರುತ್ತಿಲ್ಲವೇ, ಬೂಟ್ ಆಗುತ್ತಿಲ್ಲವೇ, ವಿಂಡೋಸ್ ಅರ್ಧಕ್ಕೆ ನಿಲ್ಲುತ್ತದೆಯೇ? ‘ಎನ್‌ಟಿಎಲ್‌ಡಿಆರ್ ಸಿಗಲಿಲ್ಲ’ ಎಂಬ ಸಂದೇಶ ಬಂದರೆ ಬಯಾಸಿನ ಎರಡೂ ಪಟ್ಟಿಗಳಲ್ಲಿ ವಿಂಡೋಸ್ ಇರುವ ಡಿಸ್ಕನ್ನು ಮೊದಲಿಗೆ ತನ್ನಿ. ಪಾಟಾ ಡಿಸ್ಕುಗಳಾದರೆ ಎರಡರ ಜಂಪರನ್ನೂ ನೋಡಿ, ಹಳೆಯದರದ್ದು ಮೊದಲು.”

ಸಂದೇಶ ಪರದೆಯ ಮೇಲೆ ಇಂಗ್ಲಿಷಿನಲ್ಲೇ ಬರುವುದರಿಂದ ಅದನ್ನು ಬಂದ ಹಾಗೆಯೇ ಕೊಟ್ಟು, ‘ಸಿಗಲಿಲ್ಲ’ ಎಂಬ ಅರ್ಥವನ್ನು ಪಕ್ಕದಲ್ಲಿ ಇಡಬೇಕೇ ಎಂಬುದೊಂದು ಉಳಿದಿದೆ.