ಸುಬಾರು ಇಜೆ22ಗೆ ಪ್ರೊಪೆಲರ್ ನೇರವಾಗಿ ಕೂರಿಸಬಹುದಾ?

ಪ್ರಶ್ನೆ:
ನಾವೇ ಕಟ್ಟುವ (ಹೋಂಬಿಲ್ಟ್) ಎರಡು ಸೀಟಿನ ವಿಮಾನಕ್ಕೆ ಸುಬಾರು ಕಾರಿನ ಇಜೆ22 ಎಂಜಿನ್ ಹಾಕುವ ಯೋಚನೆ ಇದೆ. ಪ್ರೊಪೆಲರ್ ವ್ಯಾಸ 1.8 ಮೀಟರ್. ತೂಕ ಉಳಿಸೋಕೆ ಗೇರ್‌ಬಾಕ್ಸ್ ಬಿಟ್ಟು ಎಂಜಿನ್‌ನ ತಿರುಗುವ ಮುಖ್ಯ ದಂಡಕ್ಕೇ (ಕ್ರ್ಯಾಂಕ್‌ಶಾಫ್ಟ್) ಪ್ರೊಪೆಲರ್ ಬೋಲ್ಟ್ ಮಾಡಿದರೆ ಏನಾಗುತ್ತೆ? ಕಾರಿನ ರೇಡಿಯೇಟರ್, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹಾಗೇ ನಡೆಯುತ್ತಾ?

ಉತ್ತರ 1:
ಲೆಕ್ಕ ಹಾಕಿ ನೋಡಿ. ಇದರ ಪೂರ್ತಿ ಶಕ್ತಿ ಸಿಗೋದು 5,400 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಆಸುಪಾಸಿನಲ್ಲಿ. ಆಗ ಪ್ರೊಪೆಲರ್ ತುದಿ ಸೆಕೆಂಡಿಗೆ 509 ಮೀಟರ್ ಓಡುತ್ತೆ. ಶಬ್ದದ ವೇಗವೇ 340. ಥ್ರಸ್ಟ್ (ಮುಂದೆ ತಳ್ಳುವ ಬಲ) ಹೋಗಿ ಗದ್ದಲ ಉಳಿಯುತ್ತೆ. 2,700ಕ್ಕೆ ಇಳಿಸಿದರೆ ತುದಿ 254ಕ್ಕೆ ಬರುತ್ತೆ, ಆದರೆ ಶಕ್ತಿ ಅರ್ಧದಷ್ಟಾಗುತ್ತೆ. 2.2:1 ರಿಡಕ್ಷನ್ ಗೇರ್‌ಬಾಕ್ಸ್ (ಎಂಜಿನ್ 2.2 ಸುತ್ತಿಗೆ ಪ್ರೊಪೆಲರ್ 1 ಸುತ್ತು) ಹಾಕಿದರೆ ಎರಡೂ ಸರಿಹೋಗುತ್ತೆ.

ಇನ್ನೊಂದು ವಿಷಯ: ವಿಮಾನ ಮೂಗು ತಿರುಗಿಸಿದಾಗೆಲ್ಲ ಪ್ರೊಪೆಲರ್ ಶಾಫ್ಟನ್ನು ಬಗ್ಗಿಸೋಕೆ ನೋಡುತ್ತೆ. ಕಾರಿನ ಕ್ರ್ಯಾಂಕ್ ಅದಕ್ಕೆ ಮಾಡಿದ್ದಲ್ಲ. ಗೇರ್‌ಬಾಕ್ಸ್ ಇಲ್ಲದೆ ಪ್ರೊಪೆಲರ್ ನೇರ ಕೂರಿಸಿದ (ಡೈರೆಕ್ಟ್ ಡ್ರೈವ್) ಕೊರ್ವೇರ್ ಕಾರಿನ ಎಂಜಿನ್‌ಗಳಲ್ಲಿ ಕ್ರ್ಯಾಂಕ್ ಮುರಿದಾಗ ಹೆಚ್ಚುವರಿ ಬೇರಿಂಗ್ ಕೂರಿಸಬೇಕಾಗಿ ಬಂತು.

ಉತ್ತರ 2:
ಗೇರ್‌ಬಾಕ್ಸ್ ಹಾಕಿದರೂ ಮುಗೀಲಿಲ್ಲ. ನಾಲ್ಕು ಸಿಲಿಂಡರ್ ಎಂಜಿನ್ ಪ್ರತಿ ಸುತ್ತಿಗೆ ಎರಡು ಸಲ ಒದೆಯುತ್ತೆ. 800 ಆರ್‌ಪಿಎಂ ಐಡಲ್‌ನಲ್ಲಿ ಅದು ಸೆಕೆಂಡಿಗೆ ಸುಮಾರು 27 ಒದೆತ. ಒದೆತವನ್ನು ನಯಗೊಳಿಸುವ ಭಾರದ ಚಕ್ರ (ಫ್ಲೈವೀಲ್) ತೆಗೆದು ಗಟ್ಟಿಯಾಗಿ ಜೋಡಿಸಿದರೆ ಈ ಒದೆತಕ್ಕೂ ಪ್ರೊಪೆಲರ್‌ಗೂ ತಾಳ ಕೂಡಿ ಗೇರ್ ಹಲ್ಲುಗಳು ಒಂದಕ್ಕೊಂದು ಬಡಿದುಕೊಳ್ಳುತ್ತವೆ. ನಡುವೆ ಮೆತ್ತಗಿನ ರಬ್ಬರ್ ಕಪ್ಲಿಂಗ್ ಇದ್ದರೆ ತಾಳ ಕೂಡುವ ಆ ವೇಗ (ಅನುರಣನ) ಐಡಲ್‌ಗಿಂತ ಕೆಳಗೆ ಹೋಗುತ್ತೆ, ಸ್ಟಾರ್ಟ್ ಮಾಡುವಾಗ ದಾಟಿದರೆ ಸಾಕು. ಮರದ ಅಥವಾ ಕಾರ್ಬನ್ ಪ್ರೊಪೆಲರ್ ಹಾಕಿ, ಅಲ್ಯೂಮಿನಿಯಂ ಬೇಡ. ಎಂಜಿನ್, ಗೇರ್‌ಬಾಕ್ಸ್, ಪ್ರೊಪೆಲರ್ ಮೂರೂ ಒಟ್ಟಿಗೆ ಪರೀಕ್ಷೆಯಾದ ಜೋಡಿ ಆಗಿರಲಿ. ಒಂದನ್ನು ಬದಲಿಸಿದರೂ ಲೆಕ್ಕ ಮೊದಲಿಂದ.

ಉತ್ತರ 3:
ರೇಡಿಯೇಟರ್ ಹಾಗೇ ನಡೆಯಲ್ಲ. ಕಾರು ಪೂರ್ತಿ ಶಕ್ತಿ ಬಳಸೋದು ಕೆಲವೇ ಸೆಕೆಂಡು. ವಿಮಾನ ಮೇಲೇರುವಾಗ ನಿಮಿಷಗಟ್ಟಲೆ ಬಳಸುತ್ತೆ, ಅದೂ ಗಾಳಿಯ ವೇಗ ಕಡಿಮೆ ಇರುವಾಗ. ಒಳಬರುವ ಬಾಯಿ ಚಿಕ್ಕದಾಗಿ, ಮುಂದೆ ನಿಧಾನವಾಗಿ ಅಗಲವಾಗುವ ಡಕ್ಟ್ ಮಾಡಿ. ರೇಡಿಯೇಟರ್ ಸುತ್ತಲಿನ ಸಂದಿಗಳನ್ನೆಲ್ಲ ಮುಚ್ಚಿ, ಇಲ್ಲದಿದ್ದರೆ ಗಾಳಿ ಪಕ್ಕದಿಂದ ಜಾರಿಹೋಗುತ್ತೆ. ಕೂಲಂಟ್ ಮಾರ್ಗದ ಅತಿ ಎತ್ತರದ ಜಾಗದಲ್ಲಿ ಸಿಕ್ಕಿಕೊಂಡ ಗಾಳಿ ಹೊರಬಿಡುವ ಬ್ಲೀಡ್ ಇರಲಿ.

ಸೀಸ ಬೆರೆತ ಏವ್‌ಗ್ಯಾಸ್ (ವಿಮಾನದ ಪೆಟ್ರೋಲ್) ಹಾಕಿದರೆ ಆಕ್ಸಿಜನ್ ಸೆನ್ಸರ್ ಹಾಳಾಗುತ್ತೆ, ಅದನ್ನು ನಂಬಿದ ಕಾರಿನ ಇಸಿಯು ಮಿಶ್ರಣ ಕೆಡಿಸುತ್ತೆ. ಬೇರೆ ಸೆನ್ಸರ್ ತಪ್ಪಿದರೆ ಶಕ್ತಿಯನ್ನೇ ಕಡಿತ ಮಾಡಬಹುದು. ಟೇಕಾಫ್‌ನಲ್ಲಿ ಅದು ಬೇಡವೇ ಬೇಡ. ಪ್ರೋಗ್ರಾಂ ಮಾಡಬಲ್ಲ ಇಸಿಯು ಬಳಸಿ.

ಪ್ರಶ್ನೆ ಕೇಳಿದವರು:
ಎಂಜಿನ್ ಬಳಸದೆ ಉಳಿದ ಇಂಧನ ವಾಪಸ್ ಬರುವ ರಿಟರ್ನ್ ಲೈನ್ ಎಡ ಟ್ಯಾಂಕಿಗೇ ಬಿಟ್ಟರೆ ಸಾಕಾ?

ಉತ್ತರ 3:
ಬೇಡ. ಬಲ ಟ್ಯಾಂಕಿನಿಂದ ಹೀರುವಾಗ ಎಡದ್ದು ತುಂಬಿ ವೆಂಟ್‌ನಿಂದ ಹೊರಗೆ ಚೆಲ್ಲುತ್ತೆ. ಟ್ಯಾಂಕ್ ಬದಲಿಸಿದಾಗ ರಿಟರ್ನ್ ಕೂಡ ಅದೇ ಟ್ಯಾಂಕಿಗೆ ತಿರುಗುವ ಡ್ಯುಪ್ಲೆಕ್ಸ್ ವಾಲ್ವ್ ಹಾಕಿ. ಎರಡು ಇಂಧನ ಪಂಪ್, ತಲಾ ಒಂದು ಚೆಕ್ ವಾಲ್ವ್ (ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್). ಪಂಪ್, ಇಸಿಯು ವಿದ್ಯುತ್‌ನಲ್ಲೇ ನಡೆಯೋದರಿಂದ ಎರಡನೇ ಬ್ಯಾಟರಿಯೂ ಇರಲಿ, ಅದು ಡಯೋಡ್ (ವಿದ್ಯುತ್ ಒಂದೇ ಕಡೆ ಹರಿಯಲು ಬಿಡುವ ಭಾಗ) ಮೂಲಕ ಪ್ರತ್ಯೇಕ.